ಜಪಾನ್ ಫುಟ್‌ಬಾಲ್‌ನ ಜೆ ಲೀಗ್ ಸ್ಟೇಡಿಯಂಗಳಲ್ಲಿ ಓಟದ ಟ್ರ್ಯಾಕ್ ಯಾಕೆ? ಸೋಲ್ತಾನೇ ಇರೋ ಟೀಮ್‌ಗೂ ಜನ ಇಷ್ಟು ಹಚ್ಕೊಂಡಿರೋದು ಯಾಕೆ?

ನಿಶಾ_ಯೊಕೊಹಾಮಾ ಕೇಳಿದ್ದು:

ಎಲ್ರಿಗೂ ನಮಸ್ಕಾರ. ಕೆಲಸದ ಮೇಲೆ ಯೊಕೊಹಾಮಾಗೆ ಬಂದಿದ್ದೀನಿ, ಫುಟ್‌ಬಾಲ್ ಚಿಕ್ಕಂದಿನಿಂದ ಇಷ್ಟ ಆದ್ರೆ ಟೀವಿಲಿ ನೋಡಿದ್ದೇ ಹೆಚ್ಚು. ಆಫೀಸಲ್ಲಿ ಒಬ್ರು ಕರ್ಕೊಂಡು ಹೋದ್ರು ಅಂತ ನಿಸ್ಸಾನ್ ಸ್ಟೇಡಿಯಂಗೆ ಇಲ್ಲಿನ ಕ್ಲಬ್ ಮಾರಿನೋಸ್ ಮ್ಯಾಚ್ ನೋಡೋಕೆ ಹೋದೆ. 72 ಸಾವಿರ ಜನ ಹಿಡಿಸೋ ಸ್ಟೇಡಿಯಂ, 2002ರ ವರ್ಲ್ಡ್ ಕಪ್ ಫೈನಲ್ ಆಗಿದ್ದ ಜಾಗ, ಒಳಗೆ ಕಾಲಿಟ್ಟಾಗ ಮೈ ಜುಮ್ ಅಂತು ನಿಜ. ಆದ್ರೆ ಪಿಚ್ ಸುತ್ತ ಓಟದ ಟ್ರ್ಯಾಕ್ ಇದೆಯಲ್ಲ, ನಮ್ಮ ಸೀಟು ಗೋಲ್ ಹಿಂದೆ ಕೆಳಗಿನ ಸಾಲಲ್ಲಿತ್ತು, ಆಚೆ ಕಡೆ ಗೋಲ್ ಬಿದ್ರೆ ಯಾರು ಹೊಡೆದಿದ್ದು ಅಂತ ಸ್ಕ್ರೀನ್ ನೋಡಿಯೇ ತಿಳ್ಕೋಬೇಕಾಯ್ತು. ಫುಟ್‌ಬಾಲ್‌ಗೆ ಅಂತ ಇಷ್ಟು ಖರ್ಚು ಮಾಡೋ ದೇಶದಲ್ಲಿ ಹೀಗ್ಯಾಕೆ?

ಆಮೇಲೆ ಕುತೂಹಲಕ್ಕೆ ಸಾಗಾಮಿಹಾರಾಗೆ ಹೋಗಿ ಜೆ3 ಮ್ಯಾಚ್ ಒಂದು ನೋಡ್ದೆ. ಮೂರನೇ ಡಿವಿಷನ್ನು, ಅಲ್ಲೂ ಟ್ರ್ಯಾಕೇ, ಜನ ಕಮ್ಮಿ. ಮನೆ ಟೀಮು ಸೋಲ್ತಾ ಇದ್ರೂ ಆ ಒಂದು ಗುಂಪು ಡ್ರಮ್ ನಿಲ್ಲಿಸ್ಲೇ ಇಲ್ಲ, ತೊಂಬತ್ತು ನಿಮಿಷನೂ ಹಾಡು. ಮ್ಯಾಚ್ ಮುಗಿದ್ಮೇಲೆ ಪ್ಲೇಯರ್‌ಗಳು ಸಾಲಾಗಿ ನಿಂತು ಬಗ್ಗಿ ನಮಸ್ಕಾರ ಮಾಡಿದ್ರು, ಒಂದು ಅಜ್ಜಿ ಜರ್ಸಿ ಹಾಕ್ಕೊಂಡು ರೇಲಿಂಗ್ ಹಿಡ್ಕೊಂಡು ಒಬ್ಬೊಬ್ರ ಹೆಸರು ಕೂಗಿ ಕರೀತಾ ಇದ್ರು. ಆ ಲೆವೆಲ್ಲಲ್ಲಿ ಗೆಲ್ಲೋದು ಏನಿದೆ ಅಂತ ಇಷ್ಟು ಪ್ರೀತಿ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ. ಮುಂದಿನ ಸಲ ಎಲ್ಲಿ ಹೋಗ್ಬೇಕು, ಎಲ್ಲಿ ಕೂರ್ಬೇಕು ಅದನ್ನೂ ಹೇಳಿ.

ಮೈದಾನದ_ಮಾಧವ:

ಟ್ರ್ಯಾಕ್ ವಿಷ್ಯ ಮೊದ್ಲು. ಇದಕ್ಕೂ ಫುಟ್‌ಬಾಲ್‌ಗೂ ಸಂಬಂಧನೇ ಇಲ್ಲ, ಕಾರಣ ಕೊಕುತಾಯ್. ಅಂದ್ರೆ ರಾಷ್ಟ್ರೀಯ ಕ್ರೀಡಾಕೂಟ, ಯುದ್ಧ ಮುಗಿದ ಮಾರನೇ ವರ್ಷ 1946ರಲ್ಲಿ ಶುರುವಾಗಿದ್ದು, ಪ್ರಿಫೆಕ್ಚರ್‌ಗಳು, ಅಂದ್ರೆ ನಮ್ಮ ರಾಜ್ಯಗಳ ಥರ ಇಲ್ಲಿನ ಆಡಳಿತ ಪ್ರಾಂತ್ಯಗಳು, ಸರದಿ ಮೇಲೆ ನಡೆಸ್ತಾವೆ. ಸರದಿ ಬಂದೋರು ಊರಾಚೆ ಜಾಗ ಸಿಗೋ ಕಡೆ ದೊಡ್ಡ ಪಾರ್ಕ್ ಮಾಡಿ ಅದ್ರೊಳಗೆ 400 ಮೀಟರ್ ಟ್ರ್ಯಾಕ್ ಇರೋ ಸ್ಟೇಡಿಯಂ ಕಟ್ತಾರೆ, ಕೂಟ ಮುಗಿದ್ಮೇಲೆ ಅದು ಖಾಲಿ. 1993ರಲ್ಲಿ ಜೆ ಲೀಗ್ ಶುರುವಾಗಿ ಆಮೇಲೆ ಊರೂರಲ್ಲೂ ಕ್ಲಬ್ ಹುಟ್ಕೊಂಡಾಗ ಆಡೋಕೆ ಸಿಕ್ಕಿದ್ದು ಇವೇ. ಸ್ಟೇಡಿಯಂ ಸಿಟಿದೋ ಪ್ರಿಫೆಕ್ಚರ್‌ದೋ, ಕ್ಲಬ್ ಬರೀ ಬಾಡಿಗೆದಾರ. ಬಾಡಿಗೆ ಮನೇಲಿ ಗೋಡೆ ಒಡೆಯೋಕೆ ಆಗುತ್ತಾ? ಟ್ರ್ಯಾಕ್ ತೆಗೀರಿ ಅಂತ ಕ್ಲಬ್‌ನೋರು ಹೇಳೋ ಹಾಗೇ ಇಲ್ಲ, ಸ್ಕೂಲ್ ಮಕ್ಕಳ ಅಥ್ಲೆಟಿಕ್ಸ್ ಅಲ್ಲೇ ನಡೀಬೇಕು.

ನೀವು ಹೋದ ನಿಸ್ಸಾನ್ ಸ್ಟೇಡಿಯಂ ಕೂಡ ಅದೇ, ಯೊಕೊಹಾಮಾ ಇರೋ ಕಾನಗಾವಾ ಪ್ರಿಫೆಕ್ಚರ್ ಸರದಿ ಬಂದ 1998ರಲ್ಲಿ ತೆರೆದಿದ್ದು. ಇನ್ನೊಂದ್ಸಲ ಹೋದ್ರೆ ಅದರ ಕೆಳಗಡೆ ಸುತ್ತಾಡ್ಕೊಂಡು ಬನ್ನಿ, ಇಡೀ ಸ್ಟೇಡಿಯಂ ಕಂಬಗಳ ಮೇಲೆ ನಿಂತಿದೆ, ಯಾಕಂದ್ರೆ ಅದು ಕಟ್ಟಿರೋದೇ ತ್ಸುರುಮಿ ನದಿ ನೆರೆ ನೀರು ತುಂಬಿಸ್ಕೊಳ್ಳೋ ಜಾಗದಲ್ಲಿ. 2019ರ ಅಕ್ಟೋಬರ್‌ನಲ್ಲಿ ದೊಡ್ಡ ಚಂಡಮಾರುತ ಬಂದಾಗ ಸುತ್ತಲಿನ ಪಾರ್ಕ್ ಪೂರ್ತಿ ನೀರಲ್ಲಿತ್ತು, ಮಾರನೇ ದಿನ ಅದೇ ಸ್ಟೇಡಿಯಂನಲ್ಲಿ ರಗ್ಬಿ ವರ್ಲ್ಡ್ ಕಪ್‌ನ ಜಪಾನ್ ಸ್ಕಾಟ್ಲೆಂಡ್ ಮ್ಯಾಚ್ ನಡೀತು. ನೋಡೋಕೆ ದೂರ ಆಗುತ್ತೆ ಅಂತ ಬೈದ್ರೂ ಆ ಕಟ್ಟಡಕ್ಕೆ ನನ್ನಲ್ಲಿ ದೊಡ್ಡ ಗೌರವ ಇದೆ.

ಈಗ ಕಾಲ ಬದಲಾಗ್ತಿದೆ. ಸುಯಿತಾದಲ್ಲಿ ಗಾಂಬಾ ಒಸಾಕಾ ಕ್ಲಬ್‌ನ ಸ್ಟೇಡಿಯಂ, ಸುಮಾರು 1400 ಕೋಟಿ ಯೆನ್ ಖರ್ಚು, ಅದರಲ್ಲಿ ಬಹುಪಾಲು ಕಂಪನಿಗಳು ಮತ್ತೆ ಸಾಮಾನ್ಯ ಜನ ಕೊಟ್ಟ ದೇಣಿಗೆ, ಕಟ್ಟಿ ಮುಗಿಸಿ ಸಿಟಿಗೆ ದಾನ ಕೊಟ್ಬಿಟ್ರು. 2016ರಿಂದ ಅಲ್ಲಿ ಆಡ್ತಿದಾರೆ, 40 ಸಾವಿರ ಜನ, ಮೊದಲ ಸಾಲಿಗೂ ಗೆರೆಗೂ ನಡುವೆ ಕೆಲವೇ ಮೀಟರ್. ಕ್ಯೋಟೋ ಸಾಂಗಾ ಕ್ಲಬ್‌ನೋರ ಕಥೆ ಇನ್ನೂ ಚೆನ್ನಾಗಿದೆ. ಕಾಮೆಯೋಕಾದಲ್ಲಿ ಮೊದ್ಲು ಗೊತ್ತು ಮಾಡಿದ್ದ ಜಾಗದ ಹತ್ರ ಅಯುಮೊದೊಕಿ ಅಂತ ಒಂದು ಸಣ್ಣ ಮೀನು, ಅಳಿವಿನಂಚಲ್ಲಿರೋದು, ಅದರ ನೆಲೆ ಇತ್ತು. ಅದು ಉಳೀಬೇಕು ಅಂತ ಸ್ಟೇಡಿಯಂನೇ ಸ್ಟೇಷನ್ ಪಕ್ಕಕ್ಕೆ ಸರಿಸಿದ್ರು. ತಡ ಆಯ್ತು, ಗಲಾಟೆನೂ ಆಯ್ತು, ಆದ್ರೆ 2020ರಲ್ಲಿ ತೆರೆದ್ಮೇಲೆ ನೋಡಿದ್ರೆ ಟ್ರೈನ್ ಇಳಿದ ಕೂಡ್ಲೇ ಎದುರಿಗೇ ಸ್ಟೇಡಿಯಂ.

ಹಿರೋಶಿಮಾನೂ ಹೇಳ್ಲೇಬೇಕು. ಅಲ್ಲಿನ ಕ್ಲಬ್ ಸಾನ್‌ಫ್ರೆಚ್ಚೆ 2012, 2013, 2015ರಲ್ಲಿ ಲೀಗ್ ಗೆದ್ದಿದ್ದು ಊರಾಚೆ ಗುಡ್ಡದ ಕಡೆ ಇರೋ ಬಿಗ್ ಆರ್ಚ್‌ನಲ್ಲಿ ಆಡ್ಕೊಂಡು, 1994ರ ಏಷ್ಯನ್ ಗೇಮ್ಸ್‌ಗೆ ಕಟ್ಟಿದ್ದು ಅದು, ಟ್ರ್ಯಾಕ್ ಇರೋದೇ. ಚಾಂಪಿಯನ್ ಆದ್ರೂ ಜನ ಅಲ್ಲಿಗೆ ಹೋಗೋಕೆ ಒದ್ದಾಡ್ತಿದ್ರು. ಊರ ಮಧ್ಯೆ ಸ್ಟೇಡಿಯಂ ಬೇಕು ಅಂತ ಸಹಿ ಸಂಗ್ರಹ ಆಯ್ತು, ವರ್ಷಗಟ್ಟಲೆ ಜಾಗದ ಜಗಳ ಆಯ್ತು, ಕೊನೆಗೆ 2024ರ ಫೆಬ್ರವರಿಲಿ ಕೋಟೆ ಹತ್ರ, ಅಣುಬಾಂಬ್ ಡೋಮ್‌ನಿಂದ ನಡ್ಕೊಂಡು ಹೋಗೋ ದೂರದಲ್ಲಿ ಎಡಿಯಾನ್ ಪೀಸ್ ವಿಂಗ್ ತೆರೀತು. ಅದೇ ಟೀಮು, ಅದೇ ಊರು, ಸೀಟು 28 ಸಾವಿರ ಚಿಲ್ಲರೆ ಅಷ್ಟೇ, ಈಗ ಟಿಕೆಟ್ ಸಿಗೋದೇ ಕಷ್ಟ. ಸ್ಟೇಡಿಯಂ ಎಲ್ಲಿದೆ ಅನ್ನೋದು ಟೀಮ್ ಹೇಗೆ ಆಡುತ್ತೆ ಅನ್ನೋದಷ್ಟೇ ಮುಖ್ಯ ಅಂತ ನಾನು ನಂಬೋದು ಇದನ್ನ ನೋಡಿದ್ಮೇಲೆ.

ಕೊಫು_ಕಡೆಯವ:

ಮಾಧವ ಅವ್ರೆ ಸ್ಟೇಡಿಯಂ ಬಗ್ಗೆ ಚೆನ್ನಾಗಿ ಬರೆದ್ರಿ, ಆದ್ರೆ ಟ್ರ್ಯಾಕ್ ಇರೋ ಸ್ಟೇಡಿಯಂ ಅಂದ ತಕ್ಷಣ ಕೆಟ್ಟದ್ದು ಅನ್ನೋದನ್ನ ನಾನು ಒಪ್ಪಲ್ಲ. ನಾನಿರೋದು ಯಾಮಾನಾಶಿಲಿ, ನಮ್ಮ ಕ್ಲಬ್ ವೆಂಟ್‌ಫೊರೆ ಕೊಫು. ನಮ್ಮ ಸ್ಟೇಡಿಯಂ 1986ರ ಕೊಕುತಾಯ್‌ಗೆ ಕಟ್ಟಿದ್ದು, ಟ್ರ್ಯಾಕ್ ಇದೆ, ಬಹಳ ಕಡೆ ಚಾವಣಿ ಇಲ್ಲ, ಮಳೆ ಬಂದ್ರೆ ಪೂರ್ತಿ ನೆನೀತೀವಿ.

ನಿಶಾ ಅವ್ರೆ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇಲ್ಲಿದೆ. 2000ದಲ್ಲಿ ನಮ್ಮ ಕ್ಲಬ್ ಜೆ2ರಲ್ಲಿ ಕಟ್ಟಕಡೆಯ ಸ್ಥಾನ, ಸಾಲ ತಲೆ ಮೇಲೆ, ಮುಚ್ಚೇ ಬಿಡೋಣ ಅನ್ನೋ ಮಾತು. ಆಗ ಒಂದು ಷರತ್ತು ಹಾಕಿದ್ರು, ಮುಂದಿನ ವರ್ಷ ಮ್ಯಾಚ್‌ಗೆ ಸರಾಸರಿ 3000 ಜನ ಬರ್ಬೇಕು, ಸಪೋರ್ಟರ್ಸ್ ಕ್ಲಬ್‌ಗೆ 5000 ಜನ ಸೇರ್ಬೇಕು, ಜಾಹೀರಾತಿಂದ 5 ಕೋಟಿ ಯೆನ್ ಬರ್ಬೇಕು, ಇಲ್ಲಾಂದ್ರೆ ಇಲ್ಲ. ದೊಡ್ಡ ಕಂಪನಿ ಹಿಂದೆ ಇಲ್ಲ, ಹಾಗಾಗಿ ಊರಿನ ಸಣ್ಣ ಸಣ್ಣ ಅಂಗಡಿ, ಆಸ್ಪತ್ರೆ, ಲಾಂಡ್ರಿ, ಹೀಗೆ ಬಾಗಿಲು ಬಾಗಿಲಿಗೆ ಹೋಗಿ ಕೇಳಿದ್ರು. ಮೂರೂ ಷರತ್ತು ದಾಟಿದ್ರು, ಕ್ಲಬ್ ಉಳೀತು. ಪಿಚ್ ಸುತ್ತ ಸಣ್ಣ ಬೋರ್ಡ್‌ಗಳು ಒತ್ತೊತ್ತಾಗಿ ನಿಂತಿರೋದು ನಮ್ಮಲ್ಲೇ, ಗಾಯ ಆದೋರನ್ನ ಹೊತ್ಕೊಂಡು ಹೋಗೋ ಸ್ಟ್ರೆಚರ್ ಮೇಲೂ ಜಾಹೀರಾತು ಹಾಕಿದ್ರು. ಆ ಟ್ರ್ಯಾಕ್ ಜಾಗ ಇತ್ತಲ್ಲ, ಅದರಲ್ಲೇ ಬೋರ್ಡ್ ನಿಲ್ಲಿಸಿದ್ದು!

ಆಮೇಲೆ 2022. ಲೀಗ್‌ನಲ್ಲಿ ನಾವು ಜೆ2ರಲ್ಲಿ 18ನೇ ಸ್ಥಾನ, ಅದೇ ವರ್ಷ ಎಂಪರರ್ಸ್ ಕಪ್‌ನಲ್ಲಿ, ಅಂದ್ರೆ ಎಲ್ಲ ಲೆವೆಲ್ ಟೀಮ್‌ಗಳೂ ಸೇರೋ ನಾಕೌಟ್ ಕಪ್‌ನಲ್ಲಿ, ಒಂದಾದ ಮೇಲೆ ಒಂದು ಜೆ1 ಟೀಮ್‌ನ ಹೊಡೀತಾ ಹೋಗಿ ಸೆಮಿಲಿ ಕಾಶಿಮಾನ ಸೋಲಿಸಿ ಫೈನಲ್‌ಗೆ ಬಂದ್ವಿ, ಎದುರು ಹಿರೋಶಿಮಾ, ಜಾಗ ನಿಶಾ ಅವ್ರು ನೋಡಿದ ಅದೇ ನಿಸ್ಸಾನ್ ಸ್ಟೇಡಿಯಂ. 1-1, ಎಕ್ಸ್‌ಟ್ರಾ ಟೈಮ್. ಯಾಮಾಮೊತೊ ಹಿದೆಒಮಿ, ಆಗ 42 ವರ್ಷ, 2003ರಿಂದ ನಮ್ಮ ಕ್ಲಬ್‌ನಲ್ಲೇ ಇದ್ದ ಮನುಷ್ಯ, ಸಬ್ ಆಗಿ ಬಂದು ಕೊನೇ ನಿಮಿಷಗಳಲ್ಲಿ ಹ್ಯಾಂಡ್‌ಬಾಲ್ ಮಾಡಿ ಪೆನಾಲ್ಟಿ ಕೊಟ್ಬಿಟ್ರು. ಮುಗೀತು ಅಂದ್ಕೊಂಡ್ವಿ. ಗೋಲ್‌ಕೀಪರ್ ಕಾವಾತಾ ಅದನ್ನ ತಡೆದ್ರು. ಶೂಟೌಟ್‌ನಲ್ಲಿ ಇನ್ನೊಂದನ್ನೂ ತಡೆದ್ರು, ಐದನೇ ಕಿಕ್‌ಗೆ ನಡ್ಕೊಂಡು ಬಂದಿದ್ದು ಅದೇ ಯಾಮಾಮೊತೊ. ಹಾಕಿದ್ರು. ನನ್ನ ಪಕ್ಕದಲ್ಲಿದ್ದ ಗುರುತಿಲ್ಲದ ಹಿರಿಯರೊಬ್ರು ನನ್ನ ಹೆಗಲ ಮೇಲೆ ತಲೆ ಇಟ್ಟು ಅತ್ತಿದ್ದು ನಾನು ಸಾಯೋವರೆಗೂ ಮರೆಯಲ್ಲ.

ಕಪ್ ಗೆದ್ದಿದ್ರಿಂದ 2023ರಲ್ಲಿ ಏಷ್ಯನ್ ಚಾಂಪಿಯನ್ಸ್ ಲೀಗ್ ಆಡೋ ಅವಕಾಶ ಬಂತು, ಆದ್ರೆ ನಮ್ಮ ಸ್ಟೇಡಿಯಂ ಏಷ್ಯಾದ ನಿಯಮಕ್ಕೆ ಸಾಲಲ್ಲ, ಮನೆ ಮ್ಯಾಚ್‌ಗಳು ಟೋಕಿಯೋದ ನ್ಯಾಷನಲ್ ಸ್ಟೇಡಿಯಂಗೆ ಹೋದ್ವು. ವಾರದ ಮಧ್ಯೆ ರಾತ್ರಿ, ಯಾರು ಬರ್ತಾರೆ ಅಂತ ನಮಗೆಲ್ಲ ಭಯ. ಬೇರೆ ಕ್ಲಬ್‌ನೋರೂ ಬನ್ನಿ ಅಂತ ಕ್ಲಬ್ ಬಹಿರಂಗವಾಗಿ ಕೇಳ್ಕೊಂಡ್ತು, ಜನ ಬಂದ್ರು ರೀ, ಅವರವರ ಟೀಮ್ ಜರ್ಸಿ ಹಾಕ್ಕೊಂಡೇ ಬಂದು ಕೊಫು ಕೊಫು ಅಂತ ಕೂಗಿದ್ರು. ಗ್ರೂಪ್‌ನಲ್ಲಿ ಮೊದಲ ಸ್ಥಾನ ಬಂದ್ವಿ. ನೀವು ಕೇಳಿದ್ರಲ್ಲ ಆ ಲೆವೆಲ್ಲಲ್ಲಿ ಗೆಲ್ಲೋದು ಏನಿದೆ ಅಂತ, ಕ್ಲಬ್ ಇನ್ನೂ ಇದೆ, ಅದೇ ನಾವು ಗೆದ್ದಿದ್ದು.

ಗೋಲ್_ಹಿಂದೆ_ನಿಂತೋಳು:

ಕೊಫು ಅವ್ರೆ ಓದಿ ಕಣ್ಣಲ್ಲಿ ನೀರು ಬಂತು, ನಾನೂ ಆ ಚಾಂಪಿಯನ್ಸ್ ಲೀಗ್ ಮ್ಯಾಚ್‌ಗೆ ಕೆಂಪು ಜರ್ಸಿ ಹಾಕ್ಕೊಂಡು ಬಂದಿದ್ದೆ. ನಾನು ಉರಾವಾ ರೆಡ್ಸ್ ಕಡೆ, ಸೈತಾಮಾ ಸ್ಟೇಡಿಯಂ, 60 ಸಾವಿರ ದಾಟುತ್ತೆ, ಟ್ರ್ಯಾಕ್ ಇಲ್ಲ.

ನಿಶಾ ಎಲ್ಲಿ ಕೂರ್ಬೇಕು ಅಂತ ಕೇಳಿದ್ರು, ಗೋಲ್ ಹಿಂದೆ ಹೋದ್ರೆ ಕೂರೋದು ಮರೀಬೇಕು, ಅಲ್ಲಿ ನಿಂತೇ ಇರ್ಬೇಕು, ಹಾಡ್ಬೇಕು, ಮಧ್ಯದ ಬ್ಲಾಕ್‌ಗಳಲ್ಲಿ ಸುಮ್ನೆ ಮೊಬೈಲ್ ಹಿಡ್ಕೊಂಡು ನಿಂತ್ರೆ ಯಾರಾದ್ರೂ ಬಂದು ಹೇಳೇ ಹೇಳ್ತಾರೆ. ಹೊಸಬರಾದ್ರೆ ಅದರ ಅಂಚಿನ ಬ್ಲಾಕ್ ತಗೊಳ್ಳಿ, ಹಾಡೂ ಕೇಳುತ್ತೆ ಆಟನೂ ಕಾಣುತ್ತೆ. ಎದುರಾಳಿ ಟೀಮ್ ಬಣ್ಣ ಹಾಕ್ಕೊಂಡು ಮನೆ ಟೀಮ್ ಕಡೆ ಮಾತ್ರ ಹೋಗ್ಬೇಡಿ. ಕ್ಯಾನ್, ಗಾಜಿನ ಬಾಟ್ಲಿ ಒಳಗೆ ಬಿಡಲ್ಲ, ಗೇಟಲ್ಲಿ ಪೇಪರ್ ಕಪ್‌ಗೆ ಸುರಿದು ಕೊಡ್ತಾರೆ. ಸೀಟ್ ನಂಬರ್ ಇಲ್ಲದ ಟಿಕೆಟ್ ಆದ್ರೆ ನೆಲದ ಮೇಲೆ ಟೇಪ್ ಅಂಟಿಸಿ ಗುಂಪಿನ ಹೆಸರು ಬರೆದಿರೋದು ಕಾಣುತ್ತೆ, ಅದು ಕ್ಯೂ. ಮನುಷ್ಯರು ಊಟಕ್ಕೆ ಹೋಗಿರ್ತಾರೆ, ಟೇಪ್ ಅಲ್ಲೇ ಇರುತ್ತೆ, ಯಾರೂ ಮುಟ್ಟಲ್ಲ.

ಜಪಾನ್ ಸಪೋರ್ಟರ್ಸ್ ಅಂದ್ರೆ ಮ್ಯಾಚ್ ಮುಗಿದ್ಮೇಲೆ ಸ್ಟ್ಯಾಂಡ್‌ನ ಕಸ ಹೆಕ್ಕೋರು ಅಷ್ಟೇ ಅಂತ ಹೊರಗೆ ಬಣ್ಣಿಸ್ತಾರೆ, ನನಗೆ ಅದು ಅರ್ಧ ಚಿತ್ರ ಅನ್ಸುತ್ತೆ. ನಮ್ಮ ಕ್ಲಬ್‌ನದ್ದೇ ಹೇಳ್ತೀನಿ. 2014ರ ಮಾರ್ಚ್‌ನಲ್ಲಿ ನಮ್ಮ ಸ್ಟ್ಯಾಂಡ್‌ನ ಗೇಟ್ ಮೇಲೆ ಜಪಾನೀಯರಿಗೆ ಮಾತ್ರ ಅನ್ನೋ ಬ್ಯಾನರ್ ಕಟ್ಟಿದ್ರು, ಮ್ಯಾಚ್ ಮುಗಿಯೋವರೆಗೂ ಕ್ಲಬ್‌ನೋರು ತೆಗೀಲಿಲ್ಲ. ಶಿಕ್ಷೆ ಅಂತ ಶಿಮಿಜು ಕ್ಲಬ್ ಜೊತೆಗಿನ ಮ್ಯಾಚ್ ಒಬ್ಬ ಪ್ರೇಕ್ಷಕನೂ ಇಲ್ಲದೆ ಆಡಿಸಿದ್ರು, ಜೆ ಲೀಗ್‌ನಲ್ಲಿ ಅದೇ ಮೊದಲು. 2023ರ ಆಗಸ್ಟ್‌ನಲ್ಲಿ ನಗೋಯಾದಲ್ಲಿ ಕಪ್ ಮ್ಯಾಚ್ ಸೋತ ಮೇಲೆ ನಮ್ಮೋರು ಪಿಚ್‌ಗೆ ನುಗ್ಗಿದ್ರು, 2024ರ ಎಂಪರರ್ಸ್ ಕಪ್‌ನಿಂದ ಕ್ಲಬ್‌ನೇ ಹೊರಗೆ ಹಾಕಿದ್ರು. ಎರಡೂ ಶಿಕ್ಷೆ ಸರಿಯಾಗೇ ಇತ್ತು. ಏಷ್ಯನ್ ಚಾಂಪಿಯನ್ಸ್ ಲೀಗ್ ಮೂರು ಸಲ ಗೆದ್ದ ಕ್ಲಬ್ ಇದು, ಆ ಸದ್ದು ಬೇರೆಲ್ಲೂ ಸಿಗಲ್ಲ, ಅದಕ್ಕೇ ಆ ಸ್ಟ್ಯಾಂಡ್ ಎಲ್ಲರಿಗೂ ತೆರೆದಿರ್ಬೇಕು ಅಂತ ನನಗೆ ಇಷ್ಟು ಹಠ.

ನಿಶಾ_ಯೊಕೊಹಾಮಾ:

ಇಷ್ಟು ವಿವರವಾಗಿ ಬರ್ದಿದ್ದಕ್ಕೆ ತುಂಬಾ ಥ್ಯಾಂಕ್ಸ್, ಕೊಫು ಅವರದ್ದು ಎರಡು ಸಲ ಓದ್ದೆ. ಇನ್ನೊಂದು ಕೇಳ್ಬೇಕು, ಮಾರಿನೋಸ್ ಹೆಸರಿನ ಮುಂದೆ ಎಫ್ ಯಾಕಿದೆ? ಆಫೀಸಿನೋರನ್ನ ಕೇಳಿದ್ರೆ ಅದು ದೊಡ್ಡ ಕಥೆ, ಇನ್ನೊಂದಿನ ಹೇಳ್ತೀನಿ ಅಂದು ಸುಮ್ನಾದ್ರು. ಮತ್ತೆ ಸೀಸನ್ ಬದಲಾಗುತ್ತೆ ಅಂತಾರಲ್ಲ ಅದೇನು?

ಮೈದಾನದ_ಮಾಧವ:

ಅವ್ರು ಸುಮ್ನಾಗಿದ್ದಕ್ಕೆ ಕಾರಣ ಇದೆ. ಯೊಕೊಹಾಮಾದಲ್ಲಿ ಮೊದ್ಲು ಎರಡು ಟೀಮ್ ಇತ್ತು, ಮಾರಿನೋಸ್ ಮತ್ತೆ ಫ್ಲೂಗೆಲ್ಸ್, ಎರಡೂ 1993ರ ಮೊದಲ ಹತ್ತು ಕ್ಲಬ್‌ಗಳಲ್ಲಿದ್ವು. 1998ರ ಅಕ್ಟೋಬರ್ ಕೊನೇಲಿ ಇದ್ದಕ್ಕಿದ್ದ ಹಾಗೆ ಎರಡನ್ನೂ ಸೇರಿಸ್ತೀವಿ ಅಂತ ಪ್ರಕಟಣೆ, ಹಿಂದಿದ್ದ ಕಂಪನಿಗಳಿಗೆ ದುಡ್ಡು ಸಾಲ್ತಿರ್ಲಿಲ್ಲ. ಪ್ಲೇಯರ್‌ಗಳಿಗೂ ಸಪೋರ್ಟರ್‌ಗಳಿಗೂ ಮೊದಲೇ ಯಾರೂ ಕೇಳಿರ್ಲಿಲ್ಲ. ಅಲ್ಲಿಂದ ಮುಂದೆ ಫ್ಲೂಗೆಲ್ಸ್ ಒಂದು ಮ್ಯಾಚೂ ಸೋಲಲಿಲ್ಲ. 1999ರ ಜನವರಿ 1ರಂದು ಎಂಪರರ್ಸ್ ಕಪ್ ಫೈನಲ್‌ನಲ್ಲಿ ಶಿಮಿಜುನ 2-1ರಲ್ಲಿ ಸೋಲಿಸಿ ಕಪ್ ಎತ್ತಿದ್ರು, ಅದೇ ಆ ಟೀಮಿನ ಕೊನೇ ಆಟ. ಫ್ಲೂಗೆಲ್ಸ್‌ದು ಅಂತ ಉಳಿದಿದ್ದು ಮಾರಿನೋಸ್ ಹೆಸರಲ್ಲಿರೋ ಆ ಒಂದು ಎಫ್. ಬಹಳ ಜನ ಅದನ್ನ ಒಪ್ಕೊಳ್ಳಲಿಲ್ಲ, ದುಡ್ಡು ಒಟ್ಟು ಮಾಡಿ ತಾವೇ ಯೊಕೊಹಾಮಾ ಎಫ್‌ಸಿ ಅಂತ ಹೊಸ ಕ್ಲಬ್ ಕಟ್ಟಿದ್ರು, ಕೆಳಗಿನ ಲೀಗ್‌ನಿಂದ ಶುರು ಮಾಡಿ 2007ರಲ್ಲಿ ಜೆ1ಗೆ ಬಂದ್ರು.

ಹಿಮದೂರು:

ಸೀಸನ್ ಬಗ್ಗೆ ನಾನು ಹೇಳ್ತೀನಿ, ಯಾಮಾಗಾತಾದಲ್ಲಿದ್ದೀನಿ. ಇಷ್ಟು ವರ್ಷ ಫೆಬ್ರವರಿಲಿ ಶುರುವಾಗಿ ಡಿಸೆಂಬರ್‌ಗೆ ಮುಗೀತಿತ್ತು, 2023ರ ಡಿಸೆಂಬರ್‌ನಲ್ಲಿ ತೀರ್ಮಾನ ಮಾಡಿದ್ರು, 2026ರ ಆಗಸ್ಟ್‌ನಿಂದ ಶುರು ಅಂತ, ಡಿಸೆಂಬರ್ ಮಧ್ಯದಿಂದ ಫೆಬ್ರವರಿ ಮಧ್ಯದವರೆಗೆ ಬಿಡುವು. ಸುಡೋ ಬೇಸಿಗೇಲಿ ಓಡೋದು ತಪ್ಪುತ್ತೆ, ಯುರೋಪ್ ಜೊತೆ ಪ್ಲೇಯರ್ ಕೊಡು ತಗೋ ಸುಲಭ ಆಗುತ್ತೆ ಅಂತಾರೆ, ಅದೆಲ್ಲ ನಿಜ ಇರ್ಬಹುದು. ಆದ್ರೆ ಹಿಮ ಬೀಳೋ ಊರಿನೋರ ಪಾಡು? ನಮ್ಮಲ್ಲಿ ಸೀಸನ್ ಶುರುವಿಗೆ ಸಪೋರ್ಟರ್‌ಗಳೇ ಸಲಿಕೆ ಹಿಡ್ಕೊಂಡು ಸ್ಟ್ಯಾಂಡ್‌ನ ಹಿಮ ಎತ್ತಿದ್ದಿದೆ. ನೀಗಾತಾ ಕ್ಲಬ್ ಬಹಿರಂಗವಾಗೇ ಬೇಡ ಅಂತು. ಬಿಡುವು ಇದ್ರೂ ಪ್ರಾಕ್ಟೀಸ್ ಮಾಡೋಕೆ ಬಿಸಿ ನೆಲದ ಪಿಚ್ ಬೇಕು, ಒಳಾಂಗಣ ಬೇಕು, ಮೊದ್ಲು ಅದಕ್ಕೆ ದುಡ್ಡು ಕೊಡಿ ಅನ್ನೋದು ನಮ್ಮ ವಾದ, ಈಗ್ಲೂ ಅದೇ.

ಗೋಲ್_ಹಿಂದೆ_ನಿಂತೋಳು:

ನಿಶಾ, ನಿಮ್ಮ ಊರಲ್ಲೇ ಮಿತ್ಸುಜಾವಾ ಸ್ಟೇಡಿಯಂ ಇದೆ, ಯೊಕೊಹಾಮಾ ಸ್ಟೇಷನ್‌ನಿಂದ ಬಸ್. 15 ಸಾವಿರ ಸೀಟು, ಹಳೇದು, 1964ರ ಒಲಿಂಪಿಕ್ಸ್ ಫುಟ್‌ಬಾಲ್ ನಡೆದಿದ್ದು, ಟ್ರ್ಯಾಕ್ ಇಲ್ಲ, ಪ್ಲೇಯರ್‌ಗಳು ಒಬ್ರಿಗೊಬ್ರು ಕೂಗಿ ಹೇಳೋದೂ ಕೇಳುತ್ತೆ. ಯೊಕೊಹಾಮಾ ಎಫ್‌ಸಿ ಆಡೋದು ಅಲ್ಲೇ, ಫ್ಲೂಗೆಲ್ಸ್ ಆಡಿದ್ದೂ ಅಲ್ಲೇ. ಬಿಳಿ ನೀಲಿ ಜರ್ಸಿ ಹಾಕ್ಕೊಂಡ ವಯಸ್ಸಾದೋರು ಪಕ್ಕದಲ್ಲಿ ಸಿಕ್ರೆ ಎಫ್ ಬಗ್ಗೆ ಅವ್ರನ್ನೇ ಕೇಳಿ, ಆದ್ರೆ ಮ್ಯಾಚ್ ಮುಗಿದ್ಮೇಲೆ ಕೇಳಿ.