ಮೊದಲ ಸಲಕ್ಕೆ ಯಾವ ಟ್ರೇನ್ ಶೋ? ಮನೆ ಗುಂಪಲ್ಲಿ ನಡೆದ ಚರ್ಚೆ

ತಮ್ಮ: (ಮೂರು ಪೋಸ್ಟರ್ ಹಾಕಿದ್ದಾನೆ)
ಮೂರೂ ಮುಂದಿನ ತಿಂಗಳು ಇರೋ ಮಾಡೆಲ್ ಟ್ರೇನ್ ಶೋಗಳು. ಮೊದಲನೇದು ಎರಡು ದೊಡ್ಡ ಹಾಲ್‌ನಲ್ಲಿ, ಶನಿವಾರ ಭಾನುವಾರ ಎರಡೂ ದಿನ. ಎರಡನೇದು ಒಂದು ಕ್ಲಬ್‌ನವರದ್ದು, ಐದು ಲೇಔಟ್ (ಹಳಿ, ಮನೆ, ಮರ ಎಲ್ಲ ಜೋಡಿಸಿ ಪುಟ್ಟ ರೈಲು ಓಡಿಸೋ ಮಾದರಿ), ಒಂದೇ ದಿನ. ಮೂರನೇದು ಸ್ವಾಪ್ ಮೀಟ್, ಟೇಬಲ್ ಮೇಲೆ ಹಳೇ ಸಾಮಾನು ಹರಡ್ಕೊಂಡು ಮಾರೋದು. ನಾನಾಗಲಿ ಪುಟ್ಟಿಯಾಗಲಿ ಇಂಥದ್ದಕ್ಕೆ ಹೋದವರೇ ಅಲ್ಲ. ಮೂರಕ್ಕೂ ಹೋಗೋಕಾಗಲ್ಲ. ಯಾವುದಕ್ಕೆ ಹೋಗೋಣ ಹೇಳಿ.

ಭಾವ: ಇದರಲ್ಲಿ ಕೇಳೋದೇನಿದೆ? ಮೊದಲನೇದು. ಹೋಗೋದೇ ಒಂದಕ್ಕೆ ಅಂದಮೇಲೆ ದೊಡ್ಡದಕ್ಕೇ ಹೋಗಿ. ಲೇಔಟೂ ಇರುತ್ತೆ, ಅಂಗಡಿಯವರೂ ಇರ್ತಾರೆ, ಕಂಪನಿಯವರೂ ಬರ್ತಾರೆ.

ದೊಡ್ಡಪ್ಪ: ಮೂರನೇದಕ್ಕೆ ಹೋಗಪ್ಪ. ನೋಡಿ ಬಂದರೆ ಕೈಗೆ ಏನು ಸಿಕ್ಕಿತು? ಸ್ವಾಪ್ ಮೀಟಲ್ಲಿ ಎಂಜಿನ್ ಕೈಗೆತ್ತಿಕೊಂಡು ತಿರುಗಿಸಿ ನೋಡಬಹುದು. ಹೊಸದರ ದುಡ್ಡಲ್ಲಿ ಅರ್ಧಕ್ಕೇ ಒಂದು ಪೂರ್ತಿ ಸೆಟ್ ಬರುತ್ತೆ.

ಅಕ್ಕ: ಪುಟ್ಟಿಗೆ ಏಳು ವರ್ಷ. ಹ್ಯಾಂಬರ್ಗ್‌ನ ಭಾರೀ ಮಾಡೆಲ್ ರೈಲು ಪ್ರದರ್ಶನ ಇದೆಯಲ್ಲ, ಮಿನಿಯಾಟೂರ್ ವುಂಡರ್‌ಲಾಂಡ್, ಅದರ ವಿಡಿಯೋ ಮನೇಲೇ ಕೂತು ತೋರಿಸಿದ್ರೆ ಸಾಲದಾ? ಅದಕ್ಕಿಂತ ಚೆನ್ನಾಗಿರೋದು ಈ ಮೂರರಲ್ಲಿ ಏನಿರುತ್ತೆ?

ನಾನು: ನನ್ನ ಓಟು ಎರಡನೇದಕ್ಕೆ. ಕ್ಲಬ್‌ನವರ ಶೋಗೇ ಹೋಗಬೇಕು.
ಅಕ್ಕ, ವುಂಡರ್‌ಲಾಂಡ್ 2001ರಿಂದ ನಡೀತಿದೆ, ಅದಕ್ಕೆ ಸಾಟಿ ಇಲ್ಲ, ಒಪ್ಪಿದೆ. ಆದರೆ ಅದು ದೊಡ್ಡ ತಂಡ ವರ್ಷಾನುಗಟ್ಟಲೆ ಕೂತು ಕಟ್ಟಿದ್ದು. ಅದನ್ನ ನೋಡಿದ ಮಗು ಬೆರಗಾಗುತ್ತೆ. ನಮ್ಮ ಮೇಜಿನ ಮೇಲೆ ಏನು ಮಾಡಬಹುದು ಅಂತ ಮಾತ್ರ ಗೊತ್ತಾಗಲ್ಲ. ವಿಡಿಯೋದಲ್ಲಂತೂ ಅಳತೆಯೇ ತಿಳಿಯಲ್ಲ, ಕ್ಯಾಮೆರಾ ಹತ್ತಿರ ಹೋದರೆ ಎಲ್ಲವೂ ನಿಜವಾದ ರೈಲೇ.

ಭಾವ: ಅದಕ್ಕೇ ಹೇಳಿದ್ದು, ದೊಡ್ಡ ಶೋನಲ್ಲಿ ಎಲ್ಲ ಅಳತೆಯದ್ದೂ ಒಂದೇ ಕಡೆ ಕಾಣಿಸುತ್ತೆ. ಅಮೆರಿಕದ ವೆಸ್ಟ್ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜನವರಿ ಕೊನೇಲಿ ನಡೆಯೋ ಶೋ ನಾಲ್ಕು ಕಟ್ಟಡ ತುಂಬ ಇರುತ್ತೆ. ಜನ ದೂರದೂರದಿಂದ ಹೋಗೋದು ಸುಮ್ಮನೇನಾ?

ನಾನು: ಸುಮ್ಮನೇ ಅಲ್ಲ ಭಾವ. ಆದರೆ ಹೋಗೋರಲ್ಲಿ ಬಹಳ ಜನಕ್ಕೆ ತಮಗೇನು ಬೇಕು ಅಂತ ಮೊದಲೇ ಗೊತ್ತಿರುತ್ತೆ. ಪಟ್ಟಿ ಬರ್ಕೊಂಡು ಹೋಗ್ತಾರೆ. ಇವನಿಗೆ ಬೇಕಾಗಿರೋದು ಪಟ್ಟಿ ಅಲ್ಲ, ಒಂದೇ ಪ್ರಶ್ನೆಗೆ ಉತ್ತರ: ನಮಗೆ ಯಾವ ಸ್ಕೇಲ್ ಸರಿ, ಅಂದರೆ ನಿಜವಾದ ರೈಲಿಗಿಂತ ಎಷ್ಟು ಪಟ್ಟು ಚಿಕ್ಕದು ಬೇಕು?

ಸ್ವಲ್ಪ ಉದ್ದ ಆಗುತ್ತೆ, ಓದಿ. 20 ಮೀಟರ್ ಉದ್ದದ ನಿಜವಾದ ಬೋಗಿ ತಗೊಳ್ಳಿ. ಎಚ್‌ಒ ಸ್ಕೇಲ್ (1:87) ಆದರೆ ಅದು 23 ಸೆಂಟಿಮೀಟರ್ ಆಗುತ್ತೆ. ಎನ್ ಸ್ಕೇಲ್ (1:160) ಆದರೆ ಹನ್ನೆರಡೂವರೆ. ಝಡ್ (1:220) ಆದರೆ ಬರೀ 9, ಮಗುವಿನ ಅಂಗೈಯಲ್ಲಿ ಕೂರುತ್ತೆ. ಅಮೆರಿಕದ ಓ ಸ್ಕೇಲ್ (1:48) ಆದರೆ ಹತ್ತಿರ ಹತ್ತಿರ 42. ಈ ಸಂಖ್ಯೆಗಳನ್ನ ಫೋನಲ್ಲಿ ಓದಿದರೆ ಏನೂ ಅನ್ನಿಸಲ್ಲ. ಹತ್ತು ಬೋಗಿಯ ಗಾಡಿ ಎದುರಿಗೆ ತಿರುವಿನಲ್ಲಿ ತಿರುಗಿದಾಗ ಗೊತ್ತಾಗುತ್ತೆ, ಇದು ನಮ್ಮನೇಲಿ ಹಿಡಿಸುತ್ತಾ ಇಲ್ಲವಾ ಅಂತ. ಎಚ್‌ಒ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಬರೋ 18 ಇಂಚು ತ್ರಿಜ್ಯದ ತಿರುವಿನಲ್ಲಿ ಒಂದು ಸುತ್ತು ಹಾಕೋಕೇ ಒಂದು ಮೀಟರ್ ಅಗಲದ ಹಲಗೆ ಬೇಕು. ಎನ್‌ನಲ್ಲಿ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಾಕು. ಸ್ಕೇಲ್ ಒಂದು ತೀರ್ಮಾನ ಆಗದೆ ಎಂಜಿನ್ ಕೊಂಡರೆ ಹಳಿ, ಬೋಗಿ, ಮನೆ, ಮರ ಎಲ್ಲ ಅದರ ಹಿಂದೆ ಹೋಗಬೇಕಾಗುತ್ತೆ. ಆಮೇಲೆ ಬದಲಾಯಿಸೋದು ಅಂದರೆ ಮತ್ತೆ ಮೊದಲಿನಿಂದ ಶುರು.

ಈ ಪ್ರಶ್ನೆಗೆ ಉತ್ತರ ಸಿಗೋದು ಓಡ್ತಿರೋ ಲೇಔಟ್ ಪಕ್ಕ ನಿಂತು, ಓಡಿಸ್ತಿರೋರನ್ನ ಮಾತಾಡಿಸಿದಾಗ. ದೊಡ್ಡ ಶೋನಲ್ಲಿ ಲೇಔಟ್ ಸುತ್ತ ಜನ ಕಿಕ್ಕಿರಿದಿರ್ತಾರೆ. ಹಿಂದಿನಿಂದ ತಳ್ಳೋರು ಇರುವಾಗ ನಿಂತು ಕೇಳೋದು ಹೇಗೆ? ಕ್ಲಬ್‌ನವರ ಶೋನಲ್ಲಿ ಅವರು ಬಂದಿರೋದೇ ಯಾರಾದರೂ ಕೇಳಲಿ ಅಂತ.

ದೊಡ್ಡಪ್ಪ: ನೀನು ಹೇಳೋದು ಅರ್ಧ ಸರಿ. ಅರ್ಧ ತಪ್ಪು. ಕ್ಲಬ್ ಅಂದರೆ ಎಷ್ಟೋ ಕಡೆ ಒಂದೇ ಸ್ಕೇಲ್‌ನವರು ಸೇರಿ ಮಾಡ್ಕೊಂಡಿರ್ತಾರೆ. ಐದು ಲೇಔಟೂ ಎಚ್‌ಒ ಆಗಿದ್ದರೆ? ಇವನಿಗೆ ಎಚ್‌ಒ ಬಿಟ್ಟು ಬೇರೆ ಇದೆ ಅಂತಲೇ ಅನ್ನಿಸಲ್ಲ. ಆಮೇಲೆ ಅಲ್ಲಿ ಯಾವುದನ್ನೂ ಮುಟ್ಟೋ ಹಾಗಿಲ್ಲ. ಮುಟ್ಟದೆ ತೂಕ ಹೇಗೆ ತಿಳಿಯುತ್ತೆ? ಗಟ್ಟಿ ಎಂಜಿನ್ನಿಗೂ ಆಟಿಕೆಗೂ ಇರೋ ವ್ಯತ್ಯಾಸ ಕೈಗೆ ಗೊತ್ತಾಗಬೇಕು.

ನಾನು: ಒಂದೇ ಸ್ಕೇಲ್ ಅನ್ನೋ ಮಾತು ನಿಜ ದೊಡ್ಡಪ್ಪ. ಅದನ್ನ ಹೋಗೋ ಮುಂಚೆ ಕೇಳಿ ತಿಳ್ಕೋಬೇಕು. ತಮ್ಮ, ಪೋಸ್ಟರ್ ಕೆಳಗೆ ನಂಬರ್ ಇದೆ, ಫೋನ್ ಮಾಡು. ಯಾವ ಯಾವ ಸ್ಕೇಲ್ ಬರುತ್ತೆ ಅಂತ ಕೇಳು. ಒಂದೇ ಅಂದರೆ ಭಾವ ಹೇಳಿದ ಕಡೆಗೇ ಹೋಗು, ನನ್ನ ವಾದ ಅಲ್ಲಿಗೆ ಬಿಟ್ಟೆ.

ಆದರೆ ಸ್ವಾಪ್ ಮೀಟ್ ಮೊದಲ ಸಲಕ್ಕೆ ಬೇಡ. ನೀವು ಹೋದರೆ ಎಂಜಿನ್ ತಿರುಗಿಸಿದ ಕೂಡಲೇ ಅದರ ಜಾತಕ ಹೇಳ್ತೀರಿ. ಇವನು? ಜರ್ಮನಿಯ ಮ್ಯಾರ್ಕ್ಲಿನ್ ಕಂಪನಿಯ ಹಳೇ ಎಚ್‌ಒ ಎಂಜಿನ್ ನೋಡೋಕೆ ಚೆಂದ ಅಂತ ತರ್ತಾನೆ. ಅದು ಎಸಿ ಕರೆಂಟಲ್ಲಿ, ಹಳಿ ಮಧ್ಯದ ಚುಕ್ಕಿಗಳಿಂದ ವಿದ್ಯುತ್ ತಗೊಂಡು ಓಡೋದು. ಎರಡೂ ಕಡೆ ಚಕ್ರದ ನಡುವೆ ಕರೆಂಟ್ ತಡೆಯೋದು ಏನೂ ಇರಲ್ಲ. ಮಾಮೂಲಿ ಡಿಸಿ ಹಳಿ ಮೇಲೆ ಇಟ್ಟ ತಕ್ಷಣ ಶಾರ್ಟ್. ಎಚ್‌ಒ ಮತ್ತು ಬ್ರಿಟಿಷ್ ಓಒ ಎರಡಕ್ಕೂ ಹಳಿ ಅಗಲ 16.5 ಮಿಲಿಮೀಟರೇ, ಆದರೆ ಓಒ ಸ್ಕೇಲ್ 1:76. ಒಂದೇ ಹಳಿ ಮೇಲೆ ಎರಡೂ ಓಡುತ್ತವೆ, ಪಕ್ಕಪಕ್ಕ ನಿಲ್ಲಿಸಿದರೆ ಒಂದು ದೊಡ್ಡದು ಒಂದು ಚಿಕ್ಕದು. ಬೋಗಿ ಜೋಡಿಸೋ ಕೊಂಡಿ, ಕಪ್ಲರ್, ಅದರ ಕಥೆ ಬೇರೆ. ಟೇಬಲ್ ಹಿಂದೆ ಕೂತವರಿಗೆ ಇದನ್ನೆಲ್ಲ ಹೊಸಬರಿಗೆ ವಿವರಿಸೋಕೆ ಪುರುಸೊತ್ತಿರಲ್ಲ.

ದೊಡ್ಡಪ್ಪ: ಅದಕ್ಕೆ ನೋಡಿ ಕೊಳ್ಳಬೇಕು ಅನ್ನೋದು. ತಮ್ಮನಿಗೆ ಹೇಳ್ತೀನಿ, ಬರ್ಕೊಳ್ಳಲಿ. ಎಂಜಿನ್ ಉಲ್ಟಾ ಹಿಡಿದು ಚಕ್ರದ ಅಚ್ಚಿನ ಮೇಲಿನ ಪ್ಲಾಸ್ಟಿಕ್ ಹಲ್ಲಿನ ಚಕ್ರ ನೋಡು, ಕೂದಲೆಳೆಯಷ್ಟು ಸೀಳಿದ್ದರೂ ಗಾಡಿ ಕುಂಟುತ್ತೆ. ಎರಕದ ಲೋಹದ ಭಾಗದಲ್ಲಿ ಬಿರುಕು, ಉಬ್ಬು, ಸೊಟ್ಟ ಕಂಡರೆ ಕೆಳಗಿಡು. ಅದು ಸತುವಿನ ಮಿಶ್ರಲೋಹಕ್ಕೆ ಹತ್ತೋ ರೋಗ, ಎರಕ ಹೊಯ್ಯುವಾಗ ಸೀಸ ಬೆರೆತಿದ್ದರೆ ಬರುತ್ತೆ, ರಿಪೇರಿ ಇಲ್ಲ. ಹಳೇ ಹಿತ್ತಾಳೆ ಹಳಿ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ, ಬೇಗ ಕಪ್ಪಾಗಿ ಕರೆಂಟ್ ಸರಿಯಾಗಿ ಹರಿಯಲ್ಲ. ನಿಕಲ್ ಸಿಲ್ವರ್ ಹಳಿ ಕೇಳಿ ತಗೋ. ಟೆಸ್ಟ್ ಟ್ರ್ಯಾಕ್ ಎಲ್ಲಿದೆ ಅಂತ ಕೇಳು. ಇಲ್ಲ ಅಂದರೆ ಕೊಳ್ಳಬೇಡ. ಇಷ್ಟು ಗೊತ್ತಿದ್ದರೆ ಸಾಕು.

ನಾನು: ದೊಡ್ಡಪ್ಪ, ಇಷ್ಟು ಗೊತ್ತಿದ್ದರೆ ಸಾಕು ಅಂತ ನೀವು ಹೇಳಿದ್ದೇ ನನ್ನ ವಾದ. ಇದು ಎರಡನೇ ಮೂರನೇ ಸಲಕ್ಕೆ ಬೇಕಾದ ಪಾಠ. ಸೀಳಿದ ಹಲ್ಲು ಹುಡುಕೋ ಮುಂಚೆ ಸರಿಯಾಗಿ ಓಡೋ ಎಂಜಿನ್ ಹೇಗೆ ಓಡುತ್ತೆ ಅಂತ ಕಣ್ಣಿಗೆ ಅಭ್ಯಾಸ ಆಗಬೇಕಲ್ಲ. ಒಳ್ಳೇ ಎಂಜಿನ್ ಹೊರಡುವಾಗ ಜಿಗಿಯಲ್ಲ. ಹಳಿ ಕೆಳಗಿನ ಅಡ್ಡಪಟ್ಟಿ ಒಂದೊಂದೇ ಎಣಿಸಬಹುದು, ಅಷ್ಟು ನಿಧಾನಕ್ಕೆ ತೆವಳುತ್ತೆ. ಅದನ್ನೊಮ್ಮೆ ನೋಡಿದವನಿಗೆ ಕುಂಟೋ ಎಂಜಿನ್ ತೋರಿಸಿ ಮೋಸ ಮಾಡೋದು ಕಷ್ಟ.

ತಮ್ಮ: ಕ್ಲಬ್‌ನವರ ಹತ್ತಿರ ಏನು ಕೇಳಬೇಕು ಅಣ್ಣ? ನಂಗೆ ಪ್ರಶ್ನೆ ಕೇಳೋಕೂ ಗೊತ್ತಿಲ್ಲ.

ನಾನು: ಒಂದು ಕೆಲಸ ಮಾಡು. ಗಾಡಿ ಎಲ್ಲಾದರೂ ನಿಲ್ಲೋವರೆಗೆ ಕಾಯಿ. ನಿಂತೇ ನಿಲ್ಲುತ್ತೆ, ದಿನವಿಡೀ ಓಡಿಸಿದ ಹಳಿ ಮೇಲೆ ಮಸಿ ಕೂತಿರುತ್ತೆ. ಆಗ ಅವರು ಬಟ್ಟೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಹಳಿ ಮೇಲೆ ಅಡ್ಡ ಹಾಸ್ತಾರೆ. ಎಂಜಿನ್ನಿನ ಒಂದು ತುದಿಯ ಚಕ್ರ ಬಟ್ಟೆ ಮೇಲೆ, ಇನ್ನೊಂದು ತುದಿಯದು ಬರಿ ಹಳಿ ಮೇಲೆ, ಕೈಯಲ್ಲಿ ಹಿಡ್ಕೊಂಡು ಕರೆಂಟ್ ಕೊಡ್ತಾರೆ. ಬಟ್ಟೆ ಮೇಲಿನ ಚಕ್ರ ಇದ್ದಲ್ಲೇ ಗಿರಗಿರ ಸುತ್ತುತ್ತೆ, ಎತ್ತಿದಾಗ ಬಟ್ಟೆ ಮೇಲೆ ಎರಡು ಕಪ್ಪು ಗೆರೆ. ಆಗ ಬಗ್ಗಿ ನೋಡ್ತಾ "ಎಷ್ಟು ದಿನಕ್ಕೊಮ್ಮೆ ಹೀಗೆ ಮಾಡ್ತೀರಿ?" ಅಂತ ಕೇಳು. ಅಲ್ಲಿಂದ ಮಾತು ತಾನೇ ಶುರುವಾಗುತ್ತೆ. ನಿನಗಿರೋ ಜಾಗ ಎಷ್ಟು ಅಂತ ಅವರೇ ಕೇಳ್ತಾರೆ.

ಇನ್ನೊಂದು ನೋಡು. ಒಂದೇ ಹಳಿ ಮೇಲೆ ಎರಡು ಎಂಜಿನ್, ಒಂದು ನಿಂತಿದೆ ಒಂದು ಬರ್ತಿದೆ ಅಂದರೆ ಅದು ಬಹುಶಃ ಡಿಸಿಸಿ (ಡಿಜಿಟಲ್ ಕಮಾಂಡ್ ಕಂಟ್ರೋಲ್). ಹಳೇ ಪದ್ಧತಿಯಲ್ಲಿ ಹಳಿಗೆ ಎಷ್ಟು ವೋಲ್ಟ್ ಕೊಟ್ಟರೆ ಅಷ್ಟು ವೇಗ, ಮೇಲಿದ್ದ ಎಂಜಿನ್ ಎಲ್ಲವೂ ಒಟ್ಟಿಗೇ ಹೊರಡ್ತವೆ. ಡಿಸಿಸಿಯಲ್ಲಿ ಹಳಿಯಲ್ಲಿ ಯಾವಾಗಲೂ ಕರೆಂಟ್ ಇರುತ್ತೆ, ಪ್ರತಿ ಎಂಜಿನ್ನಿನೊಳಗೂ ತನ್ನ ನಂಬರಿಗೆ ಬಂದ ಆಜ್ಞೆ ಮಾತ್ರ ಕೇಳೋ ಡಿಕೋಡರ್. ಹೊಸ ಎಂಜಿನ್ನಿಗೆ ಮಾಮೂಲಿಯಾಗಿ ಬರೋ ನಂಬರ್ 3. ಯಾವುದರಿಂದ ಶುರು ಮಾಡೋದು ಅಂತ ಅವರನ್ನೇ ಕೇಳು, ಇಬ್ಬರು ಇದ್ದರೆ ಎರಡು ಅಭಿಪ್ರಾಯ ಸಿಗುತ್ತೆ. ಎರಡನ್ನೂ ಕೇಳಿಸ್ಕೋ.

ಅಕ್ಕ: ಪುಟ್ಟಿಗೆ ಕಾಣಿಸುತ್ತಾ ಅದು ಹೇಳು. ನಾನು ನೋಡಿದ ಫೋಟೋದಲ್ಲೆಲ್ಲ ದೊಡ್ಡವರ ಎದೆ ಮಟ್ಟದಲ್ಲಿ ಹಳಿ ಇತ್ತು. ಮಗು ಮೇಜಿನ ಕಾಲು ನೋಡ್ಕೊಂಡು ಬರಬೇಕಾ?

ನಾನು: ಒಳ್ಳೇ ಪ್ರಶ್ನೆ ಅಕ್ಕ, ನನಗೆ ಹೊಳೆದಿರಲಿಲ್ಲ. ಲೇಔಟನ್ನ ತುಂಡು ತುಂಡಾಗಿ (ಮಾಡ್ಯೂಲ್) ಮಾಡಿ ತಂದು ಜೋಡಿಸೋಕೆ ಬೇರೆ ಬೇರೆ ಪದ್ಧತಿ ಇವೆ. 1970ರ ದಶಕದಿಂದ ಇರೋ ಎನ್‌ಟ್ರ್ಯಾಕ್ ಪದ್ಧತಿಯಲ್ಲಿ ಹಳಿ ನೆಲದಿಂದ 40 ಇಂಚು, ಅವಳ ಕಣ್ಣ ಮಟ್ಟಕ್ಕೆ ಹೆಚ್ಚುಕಡಿಮೆ ಸರಿ. ಫ್ರೀ-ಮೋ ಆದರೆ 50 ಇಂಚು, ಸ್ಟೂಲ್ ಇಲ್ಲದೆ ಕಾಣಲ್ಲ. ಟಿ-ಟ್ರ್ಯಾಕ್ ಇದ್ದರೆ ಅದೇ ಅವಳಿಗೆ ಹಬ್ಬ, ಮಾಮೂಲಿ ಮೇಜಿನ ಮೇಲೆ ಪುಟ್ಟ ಪುಟ್ಟ ಪೆಟ್ಟಿಗೆ ಜೋಡಿಸೋದು. ಒಂದು ಪೆಟ್ಟಿಗೆ 31 ಸೆಂಟಿಮೀಟರ್ ಉದ್ದ ಅಷ್ಟೇ, ಎರಡನ್ನ ಒತ್ತಿದರೆ ಹಳಿ ಟಕ್ ಅಂತ ಕೂಡ್ಕೊಳ್ಳುತ್ತೆ. ಒಬ್ಬೊಬ್ಬರು ಒಂದೊಂದು ಮಾಡಿ ತಂದಿರ್ತಾರೆ, ಒಂದರಲ್ಲಿ ಸೇತುವೆ, ಪಕ್ಕದ್ದರಲ್ಲಿ ಹೊಲ. "ಇಂಥದ್ದೊಂದು ನಾನೂ ಮಾಡ್ತೀನಿ" ಅಂತ ಏಳು ವರ್ಷದ ಮಗು ಹೇಳೋಕೆ ಸಾಧ್ಯ ಇರೋದು ಇದನ್ನ ನೋಡಿ. ಎರಡು ಹಾಲ್ ತುಂಬ ಇರೋದನ್ನ ನೋಡಿ ಅಲ್ಲ.

ಭಾವ: ಒಂದು ಮಾತು ಹೇಳ್ತೀನಿ, ಇದನ್ನ ತಳ್ಳಿಹಾಕಬೇಡಿ. ಬರ್ಮಿಂಗ್‌ಹ್ಯಾಮ್‌ನ ಎನ್‌ಇಸಿಯಲ್ಲಿ ನಡೀತಿದ್ದ ವಾರ್ಲಿ ಶೋ ಬ್ರಿಟನ್ನಿನ ದೊಡ್ಡ ಶೋಗಳಲ್ಲಿ ಒಂದು. 2023ರದ್ದೇ ಕೊನೆ, ನಿಲ್ಲಿಸಿಬಿಟ್ಟರು. ಮುಂದಿನ ವರ್ಷ ಹೋದರಾಯ್ತು ಅಂದ್ಕೊಂಡವರೆಲ್ಲ ತಪ್ಪಿಸಿಕೊಂಡರು. ದೊಡ್ಡದು ಸಿಕ್ಕಾಗ ನೋಡಿಬಿಡಬೇಕು.

ನಾನು: ಇದು ಮನಸ್ಸಿಗೆ ನಾಟುವ ಮಾತೇ ಭಾವ. ಆದರೆ ಆ ಶೋ ನಡೆಸ್ತಿದ್ದವರೂ ಒಂದು ಕ್ಲಬ್‌ನವರೇ, ವಾರ್ಲಿ ಮಾಡೆಲ್ ರೈಲ್ವೆ ಕ್ಲಬ್. ಅಷ್ಟು ದೊಡ್ಡ ಶೋವನ್ನ ಹವ್ಯಾಸಿಗಳೇ ಹೊತ್ತುಕೊಂಡಿದ್ದರು. ಚಿಕ್ಕ ಹಾಲ್‌ನಲ್ಲಿ ಐದು ಲೇಔಟ್ ಇಟ್ಟು ಕಾಯ್ತಿರೋ ಕ್ಲಬ್‌ಗೆ ಜನ ಹೋಗದೇ ಇದ್ದರೆ ನಾಳೆ ದೊಡ್ಡ ಶೋ ನಡೆಸೋರು ಎಲ್ಲಿಂದ ಬರ್ತಾರೆ? ನನಗೆ ಇದು ಬರೀ ಇವನೊಬ್ಬನ ಭಾನುವಾರದ ಪ್ರಶ್ನೆ ಅನ್ನಿಸ್ತಿಲ್ಲ.

ಭಾವ: ಸರಿ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೂ ನಾನಾಗಿದ್ದರೆ ದೊಡ್ಡದಕ್ಕೇ ಹೋಗ್ತಿದ್ದೆ.

ತಮ್ಮ: ಫೋನ್ ಮಾಡಿದೆ. ಎತ್ತಿದವರು ಕಾಲು ಗಂಟೆ ಮಾತಾಡಿದರು, ನಾನು ಇಡೋವರೆಗೂ ಬಿಡಲಿಲ್ಲ. ಎರಡು ಎಚ್‌ಒ, ಎರಡು ಎನ್, ಅದರಲ್ಲಿ ಒಂದು ಟಿ-ಟ್ರ್ಯಾಕ್, ಐದನೇದು ಓ ಸ್ಕೇಲ್ ಅಂತೆ. ಮಕ್ಕಳಿಗೆ ಹತ್ತಿ ನಿಲ್ಲೋಕೆ ಮೆಟ್ಟಿಲು ಇಟ್ಟಿರ್ತಾರಂತೆ. ಕೊನೇ ಗಂಟೇಲಿ ಬರಬೇಡಿ, ಅಷ್ಟರಲ್ಲಿ ಬಿಚ್ಚೋಕೆ ಶುರು ಮಾಡಿರ್ತೀವಿ ಅಂದರು. ಎರಡನೇದಕ್ಕೇ ಹೋಗ್ತೀವಿ.

ಅಕ್ಕ: ಹಾಗಾದರೆ ನಾನೂ ಬರ್ತೀನಿ.

ದೊಡ್ಡಪ್ಪ: ಹೋಗಿ ಬನ್ನಿ. ಆದರೆ ಅಲ್ಲಿ ಏನೂ ಕೊಳ್ಳಬೇಡ, ಸ್ಕೇಲ್ ಯಾವುದು ಅಂತ ತೀರ್ಮಾನ ಮಾಡ್ಕೊಂಡು ಬಾ ಸಾಕು. ಮೂರನೇದು ಅದಾದ ಮುಂದಿನ ವಾರ ಇದೆ, ದಿನಾಂಕ ನೋಡಿದೆ. ಅದಕ್ಕೆ ನಾನೇ ನಿನ್ನ ಜೊತೆ ಬರ್ತೀನಿ.