ಮೀಟಿಂಗ್ ಮುಖ

ಚಿಕ್ಕಪ್ಪ: (ಫಾರ್ವರ್ಡ್) "ಲಾಕ್‌ಡೌನ್ ಮಕ್ಕಳ ಪಾಲಿಗೆ ಚಿನ್ನದ ಕಾಲ. ಅಪ್ಪ ಅಮ್ಮ ಇಡೀ ದಿನ ಕಣ್ಣೆದುರಿಗೇ ಇದ್ದರು." ನಿಜ ಅಲ್ವಾ?

ಅಣ್ಣ: ನೂರಕ್ಕೆ ನೂರು. ಮಗನ ಜೊತೆ ಅಷ್ಟು ಚೆಸ್ ಆಡಿದ್ದು ಆಗಲೇ.

ಅತ್ತಿಗೆ: ಚೆಸ್ ಆಡಿದ್ದು ನೀವು. ಆನ್‌ಲೈನ್ ಕ್ಲಾಸಿಗೆ ಅವನನ್ನು ಹಿಡಿದು ಕೂರಿಸಿದ್ದು ಯಾರು?

ನಾನು: ಚಿಕ್ಕಪ್ಪ, ಬೇಜಾರು ಮಾಡ್ಕೋಬೇಡಿ, ಇದನ್ನು ಬರೆದವರ ಮನೆಯಲ್ಲಿ ಆಗ ಚಿಕ್ಕ ಮಕ್ಕಳಿರಲಿಲ್ಲ ಅನ್ನಿಸುತ್ತದೆ. 2020ರ ಏಪ್ರಿಲ್ ಹೊತ್ತಿಗೆ ಜಗತ್ತಿನಲ್ಲಿ ಸುಮಾರು 160 ಕೋಟಿ ವಿದ್ಯಾರ್ಥಿಗಳಿಗೆ ಶಾಲೆ ಕಾಲೇಜು ಮುಚ್ಚಿತ್ತು. ಆ ಕೆಲಸವೆಲ್ಲ ಮನೆಗೇ ಬಂತು. ಕಣ್ಣೆದುರಿಗೆ ಇದ್ದೆವು, ಸರಿ, ಆದರೆ ಲ್ಯಾಪ್‌ಟಾಪ್ ನೋಡುತ್ತಾ. ಒಂದು ದಿನ ಮಗಳು "ಅಮ್ಮ, ಇದು ನಿನ್ನ ಮುಖಾನಾ, ಮೀಟಿಂಗ್ ಮುಖಾನಾ?" ಅಂತ ಕೇಳಿದಳು. ಮೀಟಿಂಗ್ ಮುಗಿದು ಅರ್ಧ ಗಂಟೆ ಆಗಿತ್ತು.

ಚಿಕ್ಕಪ್ಪ: ನಮ್ಮ ಕಾಲದಲ್ಲಿ ಮಕ್ಕಳ ಮುಖ ನೋಡಲು ಯಾರಿಗೆ ಪುರುಸೊತ್ತಿತ್ತು? ನೀವೆಲ್ಲ ಗಟ್ಟಿಯಾಗೇ ಬೆಳೆದಿರಿ. ಈಗಿನವರಿಗೆ ಎಲ್ಲವೂ ಸ್ಟ್ರೆಸ್.

ನಾನು: ಆಗ ಮನೆ ತುಂಬಾ ಜನ ಇದ್ದರು. ಅಮ್ಮನಿಗೆ ಸಾಕಾದರೆ ಅಜ್ಜಿ ಎತ್ತಿಕೊಳ್ಳುತ್ತಿದ್ದರು. ಕೋವಿಡ್‌ನಲ್ಲಿ ವಯಸ್ಸಾದವರಿಗೆ ಅಪಾಯ ಜಾಸ್ತಿ ಅಂತ ಅಜ್ಜಿಯರ ಹತ್ತಿರ ಮಕ್ಕಳನ್ನು ಬಿಡುವ ಹಾಗೇ ಇರಲಿಲ್ಲ. ಗಟ್ಟಿಯಾಗಿರಬೇಕು ಅಂದರೆ ಕೈ ಬದಲಾಯಿಸೋಕೆ ಇನ್ನೊಬ್ಬರು ಬೇಕು ಚಿಕ್ಕಪ್ಪ, ಸುಮ್ನೆ ಹಲ್ಲು ಕಚ್ಚಿಕೊಂಡರೆ ಎಷ್ಟು ದಿನ ನಡೆಯುತ್ತದೆ?

ಇನ್ನೊಂದು. 1970ರ ದಶಕದಲ್ಲಿ ಎಡ್ವರ್ಡ್ ಟ್ರಾನಿಕ್ ಅನ್ನೋ ಮನಶ್ಶಾಸ್ತ್ರಜ್ಞ ಒಂದು ಪ್ರಯೋಗ ಮಾಡಿದ್ದರು. ಆಟ ಆಡಿಸುತ್ತಿದ್ದ ಅಮ್ಮ ಒಂದೆರಡು ನಿಮಿಷ ಮುಖ ಕಲ್ಲಿನ ಹಾಗೆ ಮಾಡಿಕೊಂಡು ಕೂರಬೇಕು, ಅಷ್ಟೇ. ಮಗು ನಗುತ್ತದೆ, ಕೈ ಚಾಚುತ್ತದೆ, ಕಿರುಚುತ್ತದೆ, ಆಮೇಲೆ ಮುಖ ತಿರುಗಿಸಿ ಅಳುತ್ತದೆ. ಅಮ್ಮ ಎಲ್ಲೂ ಹೋಗಿಲ್ಲ, ಎದುರಿಗೇ ಇದ್ದಾಳೆ!

ಅತ್ತಿಗೆ: ಅಯ್ಯೋ, ಹಾಗಾದರೆ ನನ್ನ ಮಗನ ಗತಿ? ಆ ವರ್ಷ ನಾನು ಬೈಯದ ದಿನವೇ ಇಲ್ಲ.

ನಾನು: ಏನೂ ಆಗಲ್ಲ ಅತ್ತಿಗೆ. ಆ ಪ್ರಯೋಗದ ಕೊನೆ ಭಾಗವನ್ನು ಯಾರೂ ಫಾರ್ವರ್ಡ್ ಮಾಡಲ್ಲ. ಅಮ್ಮ ಮತ್ತೆ ಮಾತಾಡಿಸುತ್ತಾಳೆ, ಮಗು ಒಂದಷ್ಟು ಹೊತ್ತು ಮುನಿಸಿಕೊಂಡೇ ಇದ್ದು ಹತ್ತಿರ ಬರುತ್ತದೆ. ದಿನವಿಡೀ ನಗುತ್ತಾ ಇರೋಕೆ ಯಾರಿಂದಲೂ ಆಗಲ್ಲ. ಕೂಗಾಡಿದ ಮೇಲೆ ಹೋಗಿ "ನನ್ನ ತಲೆ ಕೆಟ್ಟಿತ್ತು ಕಂದ, ನಿನ್ನ ತಪ್ಪಲ್ಲ" ಅಂದರೆ ಅವರಿಗೆ ಅರ್ಥ ಆಗುತ್ತದೆ.

ಚಿಕ್ಕಪ್ಪ: ನಾನಂತೂ ಯಾರಿಗೂ ಹಾಗೆ ಹೇಳಿದವನಲ್ಲ.

ಅಣ್ಣ: ಹೇಳಿಲ್ಲ. ಆದರೆ ಹೊಡೆದ ದಿನ ಸಂಜೆ ಸೈಕಲ್ ಮೇಲೆ ಕೂರಿಸಿಕೊಂಡು ಸುತ್ತಾಡಿಸುತ್ತಿದ್ದಿರಿ.

ಚಿಕ್ಕಪ್ಪ: ಅದು ಚಕ್ರಕ್ಕೆ ಗಾಳಿ ಹೊಡೆಸೋಕೆ ಹೋಗುತ್ತಿದ್ದೆ.

ಅಣ್ಣ: ಪ್ರತಿ ಸಲವೂ?