ಸಂಪಿಗೆ ಮರ, ಹಾವು, ಒಂದು ಬೀರು

ಚಿಕ್ಕಮ್ಮ (ಫಾರ್ವರ್ಡ್): ಎಚ್ಚರಿಕೆ! ಮನೆ ಹತ್ತಿರ ಸಂಪಿಗೆ ಬೆಳೆಸಬೇಡಿ. ಹೂವಿನ ಘಮಕ್ಕೆ ನಾಗರಹಾವು ಬಂದು ಕೊಂಬೆಗೆ ಸುತ್ತಿಕೊಳ್ಳುತ್ತದೆ. ಎಲ್ಲ ಗುಂಪಿಗೂ ಕಳಿಸಿ.

ಚಿಕ್ಕಮ್ಮ: ಮೈಸೂರಿನಲ್ಲಿ ಹೊಸ ಮನೆ ಕಟ್ಟಿಸಿ ಸಂಪಿಗೆ ನೆಟ್ಟವರು ಮೊದಲು ಓದಿ.

ನಾನು: ನನಗೇ ಹೇಳಿದ್ದು ಅಂತ ಗೊತ್ತಾಯಿತು ಚಿಕ್ಕಮ್ಮ.

ಅಕ್ಕ: ಯಾರು ನೋಡಿದ್ದು? ಯಾವ ಊರು? ಬರೆದವರ ಹೆಸರೇ ಇಲ್ಲವಲ್ಲ.

ಚಿಕ್ಕಮ್ಮ: ನಿನಗೆ ಎಲ್ಲದಕ್ಕೂ ಸಾಕ್ಷಿ ಬೇಕು. ಮದುವೆ ಮಾತುಕತೆಯಲ್ಲೂ ಹೀಗೇ ಮಾಡಿದೆ.

ದೊಡ್ಡಪ್ಪ: ಹಿರಿಯರು ಸುಮ್ನೆ ಹೇಳುವುದಿಲ್ಲ. ಗಿಡ ನೆಡುವ ಮುಂಚೆ ದೊಡ್ಡವರನ್ನು ಒಂದು ಮಾತು ಕೇಳುವ ಪದ್ಧತಿಯೇ ಹೋಯಿತು.

ಅಕ್ಕ: ಬಿಳಿಗಿರಿರಂಗನ ಬೆಟ್ಟದ ದೊಡ್ಡಸಂಪಿಗೆಗೆ ನೀವೇ ಕರೆದುಕೊಂಡು ಹೋಗಿ ಕೈ ಮುಗಿಸಿದಿರಿ ದೊಡ್ಡಪ್ಪ. ಸೋಲಿಗರು ಅದನ್ನು ತಲೆತಲಾಂತರದಿಂದ ಪೂಜಿಸುತ್ತಿದ್ದಾರೆ.

ದೊಡ್ಡಪ್ಪ: ಅದು ಕಾಡಿನ ದೇವರ ಮರ. ಇದು ಥರ್ಟಿ ಫಾರ್ಟಿ ಸೈಟು.

ಅತ್ತೆ ಮಗ: ಇಲ್ಲಿ ಅಮೆರಿಕದಲ್ಲಿ ಹಳದಿ ಮ್ಯಾಗ್ನೋಲಿಯಾ ನೆಡುತ್ತಾರೆ. ಚಳಿಗೆ ಎಲೆ ಉದುರಿಸಿ ವಸಂತದಲ್ಲಿ ಹೂ ಬಿಡುತ್ತದೆ. ನಮ್ಮ ಸಂಪಿಗೆಯೂ ಅದೇ ಕುಲ. ಯಾರೂ ಹಾವಿನ ಮಾತೆತ್ತಲ್ಲ.

ದೊಡ್ಡಪ್ಪ: ನೀನು ಅಮ್ಮನಿಗೆ ಫೋನ್ ಮಾಡಿ ಎಷ್ಟು ದಿನ ಆಯಿತಪ್ಪಾ?

ಅತ್ತೆ: ಅವನು ಮಾಡುತ್ತಾನೆ ಬಿಡು. ನನಗೆ ಮಂಡ್ಯದ ಹಿತ್ತಿಲ ಸಂಪಿಗೆ ನೆನಪಾಯಿತು. ಅಮ್ಮ ಸೀರೆ ಮಡಿಕೆಯೊಳಗೆ ಹೂ ಇಡೋರು. ಒಣಗಿ ಕಂದು ಬಣ್ಣಕ್ಕೆ ತಿರುಗಿದ್ದರೂ ಟ್ರಂಕು ತೆಗೆದರೆ ಘಮ್ಮ್ ಅನ್ನೋದು.

ಅಕ್ಕ: ಅದನ್ನು ಕಡಿಸಿದ್ದೂ ಹಾವಿನ ಭಯಕ್ಕೇ ಅಲ್ವಾ?

ಅತ್ತೆ: ಹೆಸರು ಹಾವಿಂದು. ಹಲಗೆ ಯಾರ ಮನೆ ಬಾಗಿಲಾಯಿತು ಅಂತ ಎಲ್ಲರಿಗೂ ಗೊತ್ತು.

ದೊಡ್ಡಪ್ಪ: ಬಾಗಿಲಲ್ಲ, ಬೀರು. ಅದಕ್ಕೆ ದುಡ್ಡು ಕೊಟ್ಟಿದ್ದೇನೆ.

ನಾನು: ಹಾವು ನಾಲಗೆ ಚಾಚಿ ವಾಸನೆ ಹಿಡಿಯುವುದು ಇಲಿ, ಕಪ್ಪೆ ಹುಡುಕುವುದಕ್ಕೆ. ಹೂವಿನಿಂದ ಅದರ ಹೊಟ್ಟೆ ತುಂಬಲ್ಲ. ಆ ಮರದ ಬುಡದಲ್ಲೇ ತೆಂಗಿನ ಸಿಪ್ಪೆ, ಒಡೆದ ಹೆಂಚು ರಾಶಿ ಬಿದ್ದಿತ್ತು. ಇಲಿ ಅಲ್ಲಿ ಬಿಲ ಮಾಡಿತ್ತು, ಹಾವು ಅದರ ಹಿಂದೆ ಬಂತು. ರಾಶಿ ತೆಗೆಸುವುದು ಬಿಟ್ಟು ಮರ ಕಡಿಸಿದರು. ನನಗೆ ಇವತ್ತಿಗೂ ಸಂಕಟ ಆಗುತ್ತದೆ. ಯೋಚನೆ ಮಾಡಬೇಕಾದ್ದು ಮರದ ಎತ್ತರದ ಬಗ್ಗೆ. ಕಾಡಿನಲ್ಲಿ ಸಂಪಿಗೆ 30 ಮೀಟರ್ ಮುಟ್ಟುತ್ತದೆ. ಅದಕ್ಕೇ ಗೋಡೆಯಿಂದ ದೂರ ನೆಟ್ಟು ತುದಿ ಚಿವುಟುತ್ತಿದ್ದೇನೆ. ನೀರು ನಿಂತರೆ ಬೇರು ಕೊಳೆಯುತ್ತದೆ, ಬುಡಕ್ಕೆ ಮಣ್ಣು ಏರಿಸಿದ್ದೇನೆ. ನಂದು ಕಸಿ ಗಿಡ, ಬೇಗ ಹೂ ಬಿಡುತ್ತದೆ. ಬೀಜದ್ದಾದರೆ 8–10 ವರ್ಷ ಕಾಯಬೇಕು.

ಚಿಕ್ಕಮ್ಮ: ಒಳ್ಳೇದಕ್ಕೆ ಕಳಿಸಿದರೆ ನಾನೇ ಕೆಟ್ಟವಳು.

ಅಕ್ಕ: ಪೂರ್ತಿ ಓದಿ ಕಳಿಸಿದಿರಾ?

ಚಿಕ್ಕಮ್ಮ: ಎಚ್ಚರಿಕೆ ಅಂತ ಇತ್ತಲ್ಲ, ಸಾಲದಾ?

ಅತ್ತೆ: ನನಗೆ ಬೀಜದ್ದೇ ಬೇಕು. ಕಾಯಿ ಬಿಟ್ಟಾಗ ಎತ್ತಿಡು.

ನಾನು: ಎತ್ತಿಟ್ಟರೆ ಹುಟ್ಟಲ್ಲ ಅತ್ತೆ. ಕಾಯಿ ಒಡೆದು ಕೆಂಪು ಬೀಜ ಕಾಣುತ್ತಲೇ, ಹಕ್ಕಿ ತಿನ್ನುವ ಮುಂಚೆ ಕೀಳಬೇಕು. ಮೇಲಿನ ಕೆಂಪು ಸಿಪ್ಪೆ ತೊಳೆದು ಆಗಲೇ ಬಿತ್ತಬೇಕು. ಫೋನ್ ಮಾಡುತ್ತೇನೆ, ಬನ್ನಿ.

ಅತ್ತೆ: ಬರುತ್ತೇನೆ. ಅಣ್ಣ, ಬೀರು ದುಡ್ಡು ಯಾರ ಕೈಗೆ ಕೊಟ್ಟೆ?